ಒಂದು ಶಬ್ದ ತೆಗೆಯಲಾಗಿದೆ

ಅದು ತೊಂಬತ್ತೆಂಟನೆಯ ಇಸವಿ. ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಂದು ಕೈ ಸೊಂಟದ ಮೇಲಿಟ್ಟು, ಚಾಮರಾಜಪುರಂನ ನಮ್ಮ ಮನೆಯ ಹಾಲಿನಲ್ಲಿ ನಿಂತು ನಾನೊಂದು ಘನಘೋರ ಪ್ರತಿಜ್ಞೆ ಮಾಡಿದೆ!

"ಇವತ್ತಿಂದ ಈ ವಿಶ್ವನಾಥ್ ಇರೋ ಕಡೆ 'ವೆರಿ' ಅನ್ನೋ ಇಂಗ್ಲಿಷ್ ಶಬ್ದಾನ ಯಾರೂ ಸುಳ್ಳಿಗೆ ಬಳಸೋ ಹಾಗಿಲ್ಲ! ನಿಜ ಇದ್ರೆ ಹಾಕಿ, ಇಲ್ದಿದ್ರೆ ತೆಗೀರಿ!"

ಆ ಹೊತ್ತಿಗೆ ನನ್ನ ಹೆಂಡತಿ ನೀಲಮ್ಮ ಸ್ಟೂಲ್ ಹತ್ತಿ, ದಸರಾ ಗೊಂಬೆ ಕೂರಿಸುವ ಮೆಟ್ಟಿಲುಗಳಿಗೆ ಬಿಳಿ ಪಂಚೆ ಹೊದಿಸುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡುಪಿನ್ನು.

"ಮೊದ್ಲು ಈ ಸ್ಟೂಲ್ ಹಿಡ್ಕೊಳ್ರೀ, ಅಲ್ಲಾಡ್ತಿದೆ," ಎಂದಳು ಪಿನ್ನುಗಳ ಸಂದಿಯಿಂದ.

"ವೆರಿ ಅಲ್ಲಾಡ್ತಿದೆಯೋ, ಬರೀ ಅಲ್ಲಾಡ್ತಿದೆಯೋ? ಯೋಚನೆ ಮಾಡಿ ಹೇಳು."

"ಬಿದ್ಮೇಲೆ ಹೇಳ್ತೀನಿ."

ಮೂಲೆಯಲ್ಲಿ ಗೊಂಬೆಗಳ ಧೂಳು ಒರೆಸುತ್ತಿದ್ದ ಎಂಟನೇ ಕ್ಲಾಸಿನ ಮಗಳು ಲಾಸ್ಯ ಕಿಸಕ್ಕನೆ ನಕ್ಕಳು. ನಾನು ಪ್ರತಿಜ್ಞೆಯನ್ನು ಪಕ್ಕಕ್ಕಿಟ್ಟು ಸ್ಟೂಲು ಹಿಡಿದುಕೊಂಡೆ.

ಇಷ್ಟಕ್ಕೆಲ್ಲ ಮೂಲ ನಮ್ಮ ಆಫೀಸು. ನಜರ್‌ಬಾದ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಸೂಪರಿಂಟೆಂಡೆಂಟ್. ಕಾಗದ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಇಪ್ಪತ್ತಾರು ವರ್ಷ ನಂಬಿಕೊಂಡು ಬಂದವನು. ಅಲ್ಲಿಗೆ ಅನಂತಪದ್ಮನಾಭ ಎಂಬ ಹೊಸ ಸಾಹೇಬರು ಬಂದರು. ಅವರ ವಯಸ್ಸು ನನ್ನ ಸರ್ವೀಸಿಗಿಂತ ಐದಾರು ವರ್ಷ ಜಾಸ್ತಿ, ಅಷ್ಟೇ. ನಾನು ಬೆವರು ಸುರಿಸಿ ಬರೆದ ಒಂದು ಪುಟದ ಡ್ರಾಫ್ಟಿನಲ್ಲಿ ಹನ್ನೊಂದು ಕಡೆ ಸುತ್ತು ಹಾಕಿ ನನ್ನನ್ನು ಒಳಗೆ ಕರೆಸಿದರು. ನೋಡಿದರೆ ಹನ್ನೊಂದೂ 'ವೆರಿ'ಗಳು!

"ಇಷ್ಟೊಂದು ಯಾಕ್ರೀ ವಿಶ್ವನಾಥ್? ಈ ಶಬ್ದಕ್ಕೆ ಅರ್ಥ ಏನು ಹೇಳಿ ನೋಡೋಣ."

"ತುಂಬಾ ಅಂತ ಸಾರ್."

"ತುಂಬಾ ಅಂದ್ರೆ?"

"ಬಹಳ ಅಂತ ಸಾರ್."

"ಬಹಳ ಅಂದ್ರೆ?"

"ವೆರಿ ಅಂತ ಸಾರ್."

ಅವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿದೆ. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನನಗೆ ಬಹುಮಾನವಾಗಿ ಬಂದ ದಪ್ಪ ಇಂಗ್ಲಿಷ್ ಡಿಕ್ಷನರಿ ಅಲ್ಲಿತ್ತು. ಹಪ್ಪಳ ಮುದುರಿಕೊಳ್ಳದ ಹಾಗೆ ಮೇಲೆ ಭಾರ ಹೇರಲು ನೀಲಮ್ಮ ಅದನ್ನು ಬಳಸುತ್ತಿದ್ದಳು. ಹಪ್ಪಳದ ಹಿಟ್ಟು ಕೊಡವಿ, ಕೊನೆಯ ಪುಟಗಳನ್ನು ತೆಗೆದು 'ವೆರಿ'ಯ ಜಾತಕ ನೋಡಿದೆ. ಅಬ್ಬಬ್ಬಾ!

ಈ ಶಬ್ದ ಇಂಗ್ಲಿಷರ ಸ್ವಯಾರ್ಜಿತವೇ ಅಲ್ಲ! ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ 'ವೆರೈ' ಎಂದರೆ ನಿಜ. ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ನಿನಲ್ಲಿ 'ವೇರುಸ್', ಅದೂ ನಿಜವೇ. ಇಂಗ್ಲಿಷಿಗೆ ಬಂದ ಹೊಸದರಲ್ಲೂ 'ವೆರಿ' ಅಂದರೆ 'ನಿಜವಾದ' ಎಂದೇ ಇತ್ತಂತೆ. ಬರಬರುತ್ತಾ ಅದು 'ತುಂಬಾ' ಆಗಿಹೋಯಿತಂತೆ. ಸತ್ಯವಂತರ ಮನೆತನದಲ್ಲಿ ಹುಟ್ಟಿದ ಶಬ್ದ! ಅದನ್ನು ನಾನು ದಿನಕ್ಕೆ ಐವತ್ತು ಸಲ ಸುಳ್ಳಿಗೆ ದುಡಿಸುತ್ತಿದ್ದೆ.

"ನೀಲಾ, ಇಲ್ನೋಡು. ಸತ್ಯ ಅನ್ನೋದು ಜಾಸ್ತಿ ಅಂತ ಹೇಗಾಯ್ತು? ಎಂಥ ಸೋಜಿಗ!"

"ಅದ್ರಲ್ಲೇನ್ರೀ ಸೋಜಿಗ?" ಸಾರಿಗೆ ಒಗ್ಗರಣೆ ಹಾಕುತ್ತಲೇ ಹೇಳಿದಳು. "ತರಕಾರಿ ಗಾಡಿಯವನು 'ಬದನೆಕಾಯಿ ಎಳೇದು' ಅಂದ್ರೆ ನಾನು ನಂಬಲ್ಲ. 'ನಿಜವಾಗ್ಲೂ ಎಳೇದು ಕಣಮ್ಮ' ಅಂತಾನೆ. ನಾಳೆ ಎಲ್ಲಾ ಗಾಡಿಯವ್ರೂ ನಿಜವಾಗ್ಲೂ ಅನ್ನೋಕೆ ಶುರು ಮಾಡಿದ್ರೆ ಅದನ್ನೂ ನಂಬಲ್ಲ. ಆಗ 'ನಿಜವಾಗ್ಲೂ ನಿಜವಾಗ್ಲೂ' ಅಂತಾನೆ."

ನಾನು ಇಡೀ ಸಂಜೆ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಇವಳು ಸಾಸಿವೆ ಸಿಡಿಯುವಷ್ಟರಲ್ಲಿ ಬಿಡಿಸಿಬಿಟ್ಟಿದ್ದಳು. ಗಂಡಸಾದವನು ಅದನ್ನೆಲ್ಲ ಒಪ್ಪಿಕೊಳ್ಳುವುದುಂಟೇ? "ಪರವಾಗಿಲ್ಲ," ಎಂದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಶಬ್ದಶೋಧನೆಯ ಸೀಸನ್ನೇ ಆರಂಭವಾಯಿತು. ಲಾಸ್ಯ ಕೇಳಿದಳು: "ಅಪ್ಪಾ, ಹಾಗಾದ್ರೆ ಸಖತ್ ಅಂದ್ರೆ?" ಆಫೀಸಿನಲ್ಲಿ ಉರ್ದು ಬಲ್ಲವರನ್ನು ವಿಚಾರಿಸಿ ಬಂದು ಹೇಳಿದೆ: ಅದು ಪಾರ್ಸಿಯಿಂದ ಉರ್ದುವಿಗೆ, ಉರ್ದುವಿನಿಂದ ನಮಗೆ ಬಂದದ್ದು, ಮೂಲದಲ್ಲಿ ಗಟ್ಟಿ, ಬಿರುಸು ಅಂತ ಅರ್ಥ. "ಅಯ್ಯೋ! ನಾನು ನಿನ್ನೆ ಅಮ್ಮನ ಇಡ್ಲಿ ಸಖತ್ ಮೆತ್ತಗಿದೆ ಅಂದ್ನಲ್ಲ!" ಎಂದು ಬಿದ್ದು ಬಿದ್ದು ನಕ್ಕಳು. 'ಭಾರಿ' ಅಂದರೆ ತೂಕ, 'ಭಯಂಕರ ಚೆನ್ನಾಗಿದೆ' ಅಂದರೆ ಹೆದರಿಕೆ ಬರುವಷ್ಟು ಚೆಂದ! ಒಂದೊಂದನ್ನೂ ಬಿಚ್ಚಿ ನೋಡುತ್ತಾ ಮಜಾ ಬಂತು. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ. ಪ್ರತಿಜ್ಞೆ ಮಾಡಿಬಿಟ್ಟೆನಲ್ಲ!

ಆಫೀಸಿನಲ್ಲಿ ನನ್ನ ಸುಧಾರಣೆ ಭರದಿಂದ ಸಾಗಿತು. ನಮ್ಮಲ್ಲಿ ಪ್ರತಿ ಫೈಲಿನ ಮೇಲೂ 'ವೆರಿ ಅರ್ಜೆಂಟ್' ಎಂಬ ಚೀಟಿ ಇರುತ್ತದೆ. ನಾನು ನನ್ನ ಫೈಲುಗಳ ಚೀಟಿಗಳಲ್ಲಿ ಒಂದೊಂದಾಗಿ 'ವೆರಿ' ಹೊಡೆದುಹಾಕಿದೆ. ಹೊಡೆದದ್ದಕ್ಕೆ ದಾಖಲೆ ಬೇಡವೇ? ಕಚೇರಿಯ ಪದ್ಧತಿಯೇ ಹಾಗೆ. ಒಂದು ಅಕ್ಷರ ಕಾಟು ಹೊಡೆದರೂ ಪಕ್ಕದ ಮಾರ್ಜಿನ್ನಿನಲ್ಲಿ 'ಒಂದು ಶಬ್ದ ತೆಗೆಯಲಾಗಿದೆ' ಎಂದು ಬರೆದು ಇನಿಷಿಯಲ್ ಹಾಕಬೇಕು. ನನ್ನದು ಕೆಂಪು ಇಂಕಿನ ಪೆನ್ನು, ಉದ್ದ ಬಾಲದ 'ವಿ'. ಆ ಬಾಲ ನೋಡಿ ಎಷ್ಟೋ ಜನ ಗುಮಾಸ್ತರು ಬೆವೆತಿದ್ದಾರೆ.

ಈಗ ಗೊಂಬೆಯ ವಿಷಯ. ನಮ್ಮ ಬೀದಿಯ ಮಹಿಳಾ ಮಂಡಳಿ ಪ್ರತಿ ದಸರಾಕ್ಕೂ ಗೊಂಬೆ ಸ್ಪರ್ಧೆ ನಡೆಸುತ್ತದೆ. ಮೊದಲ ಬಹುಮಾನ ಒಂದು ಶೀಲ್ಡು. ಅದು ನಾಲ್ಕು ವರ್ಷದಿಂದ ಮೂರನೇ ಮನೆಯ ವಸಂತಮ್ಮನವರ ಟೀವಿಯ ಮೇಲೆ ಕೂತಿತ್ತು. ಎರಡನೆಯ ಬಹುಮಾನ ಒಂದು ಸ್ಟೀಲ್ ಡಬ್ಬ. ನಮ್ಮ ಮನೆಯ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ ನಾಲ್ಕೂ ಸೋಲಿನ ಡಬ್ಬಗಳಲ್ಲೇ ಇದ್ದವು. ಒಗ್ಗರಣೆ ಹಾಕುವಾಗಲೆಲ್ಲ ನೀಲಮ್ಮನಿಗೆ ವಸಂತಮ್ಮನವರ ನೆನಪು ಬರುತ್ತಿತ್ತು.

ಈ ವರ್ಷ ಅವಳು ಪಣ ತೊಟ್ಟಿದ್ದಳು. ಜೂನ್ ತಿಂಗಳಿಂದಲೇ ಬೆಂಕಿಪೊಟ್ಟಣ, ಚಪ್ಪಲಿ ಡಬ್ಬ, ಐಸ್‌ಕ್ರೀಂ ಕಡ್ಡಿ ಕೂಡಿಟ್ಟು ನಮ್ಮ ಚಾಮರಾಜಪುರಂ ರೈಲ್ವೆ ಸ್ಟೇಷನ್ನನ್ನೇ ಕಟ್ಟಿದಳು! ಸಣ್ಣ ಪ್ಲಾಟ್‌ಫಾರ್ಮು, ಕಲ್ಲು ಬೆಂಚು, ಹಳಿಯ ಆಚೆ ಈಚೆ ರಾಗಿ ಪೈರಿನ ಹುಲ್ಲು. ಶೆಟ್ಟಿ ಗೊಂಬೆಯ ಅಂಗಡಿ ಪ್ಲಾಟ್‌ಫಾರ್ಮಿನ ಮೇಲೆ. ಚನ್ನಪಟ್ಟಣದ ಗೊಂಬೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡ ಪ್ರಯಾಣಿಕರು. ಲಾಸ್ಯಳ ಹಳೇ ಲಂಗದ ಚೂರಿನಿಂದ ಮಾಡಿದ ಹಸಿರು ಬಾವುಟ ಹಿಡಿದು ಒಬ್ಬ ಸ್ಟೇಷನ್ ಮಾಸ್ಟರು. ಎಲ್ಲಕ್ಕೂ ಮೇಲಿನ ಮೆಟ್ಟಿಲಲ್ಲಿ ಅವಳ ತವರಿಂದ ಬಂದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ.

ಪಾಡ್ಯದ ದಿನ ಎಲ್ಲ ಜೋಡಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಹೇಗಿದೆ ರೀ?"

"ಪರವಾಗಿಲ್ಲ," ಎಂದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಮೆಚ್ಚುಗೆ ಅದರಾಚೆ ದಾಟಿದ್ದಿಲ್ಲ.

ಗೊಂಬೆಯ ಮುಂದೆ ಲಾಸ್ಯ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಳು. ಬಂದವರು ಅಭಿಪ್ರಾಯ ಬರೆಯಲಿ ಎಂದು. ನೀವು ಗಮನಿಸಿದ್ದೀರೋ ಇಲ್ಲವೋ, ನಮ್ಮ ಜನ ಹರಟುವುದು ಕನ್ನಡದಲ್ಲಿ, ಬೈಯುವುದು ಕನ್ನಡದಲ್ಲಿ. ನೋಟ್‌ಬುಕ್ ಮುಂದೆ ಹಿಡಿದರೆ ಸಾಕು, ಎಲ್ಲಿತ್ತೋ ಇಂಗ್ಲಿಷು, ಬಂದು ಕೂರುತ್ತದೆ! "ಏನ್ ಚೆನ್ನಾಗ್ ಮಾಡಿದೀರ ಕಣ್ರೀ ನೀಲಮ್ಮ, ಕಣ್ಣು ತುಂಬ್ಬುಡ್ತು," ಎಂದು ಬಾಯಲ್ಲಿ ಹೇಳಿದವರು ಪೆನ್ನು ಹಿಡಿದ ಕೂಡಲೇ 'ವೆರಿ ನೈಸ್' ಎಂದು ಬರೆದು ಎದ್ದುಹೋಗುತ್ತಿದ್ದರು.

ಷಷ್ಠಿಯ ಸಂಜೆ ತಾಯಿ ಮಗಳು ಬೇರೆ ಮನೆಗಳ ಗೊಂಬೆ ನೋಡಲು ಹೋದರು. ನಾನೊಬ್ಬನೇ. ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ಚರ್ಪು, ಅವತ್ತು ಕಡಲೆಕಾಳು ಉಸಲಿ, ಪಾತ್ರೆಯಲ್ಲಿ ಪಕ್ಕಕ್ಕಿತ್ತು. ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ನೋಟ್‌ಬುಕ್ ತಿರುವಿದೆ. ತಿರುವುತ್ತಾ ತಿರುವುತ್ತಾ ಕಣ್ಣು ಕೆಂಪಾಯಿತು. ವೆರಿ! ವೆರಿ! ಪುಟಪುಟವೂ ವೆರಿ!

ಎದುರು ಮನೆಯ ಮಹಾನುಭಾವರೊಬ್ಬರು 'ವೆರಿ ವೆರಿ ಎಕ್ಸಲೆಂಟ್' ಎಂದು ಬರೆದಿದ್ದರು. ನಾನೇ ಸಾಕ್ಷಿ, ಅವರು ಗೊಂಬೆಯ ಕಡೆ ಕತ್ತು ತಿರುಗಿಸಿರಲಿಲ್ಲ. ನನ್ನ ಹತ್ತಿರ ಟ್ರಾನ್ಸ್‌ಫರ್ ಸುದ್ದಿ ಕೇಳಿ, ಎರಡು ಸಲ ಉಸಲಿ ಹಾಕಿಸಿಕೊಂಡು ಹೋಗಿದ್ದರು. ಯಾವುದೋ ಮಗು 'ವೆರಿ ಟೇಸ್ಟಿ' ಎಂದಿತ್ತು. ಸ್ಟೇಷನ್ನೋ, ಕಡಲೆಯೋ ತಿಳಿಯದು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕೆಂಪು ಪೆನ್ನು ಈಚೆ ಬಂತು.

ಮುಕ್ಕಾಲು ಗಂಟೆ! ಮುಕ್ಕಾಲು ಗಂಟೆಯಲ್ಲಿ ಎಪ್ಪತ್ತೆರಡು ವೆರಿಗಳ ತಲೆ ಉರುಳಿಸಿದೆ. ಪ್ರತಿಯೊಂದರ ಪಕ್ಕದಲ್ಲೂ 'ಒಂದು ಶಬ್ದ ತೆಗೆಯಲಾಗಿದೆ', ಕೆಳಗೆ ಬಾಲದ 'ವಿ'. ಒಂದೇ ಒಂದನ್ನು ಮಾತ್ರ ಉಳಿಸಿದೆ. ಅದು ವಸಂತಮ್ಮನವರು ಬರೆದದ್ದು, 'ವೆರಿ ನೈಸ್'. ಎದುರು ಪಾರ್ಟಿಯವರೇ ನಮ್ಮ ಪರವಾಗಿ ಹೇಳಿಕೆ ಕೊಟ್ಟರೆ ಅದಕ್ಕಿಂತ ಸಾಕ್ಷಿ ಬೇಕೇ? ಅದರ ಪಕ್ಕ 'ಪರಿಶೀಲಿಸಿದೆ, ಸರಿಯಾಗಿದೆ' ಎಂದು ಬರೆದು ದೊಡ್ಡದಾಗಿ ಟಿಕ್ ಹಾಕಿದೆ. ನೋಟ್‌ಬುಕ್ ಇದ್ದಲ್ಲೇ ಇಟ್ಟು, ಸತ್ಯದ ಸೇವೆ ಮಾಡಿದ ತೃಪ್ತಿಯಲ್ಲಿ ಇನ್ನೊಂದು ಬಟ್ಟಲು ಉಸಲಿ ತಿಂದೆ.

ಮಾರನೆಯ ದಿನ ಸಪ್ತಮಿ, ಸರಸ್ವತಿ ಪೂಜೆ. ಸಂಜೆ ನಾನು ಆಫೀಸಿಂದ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಗೊಂಬೆಗಳ ಮುಂದೆ ಪುಸ್ತಕಗಳ ಗುಡ್ಡೆ, ಮೇಲೆ ಅರಿಶಿನ ಕುಂಕುಮ ಹೂವು. ಎಲ್ಲಕ್ಕಿಂತ ಕೆಳಗೆ ಆ ನೋಟ್‌ಬುಕ್ಕು, ಎಲ್ಲಕ್ಕಿಂತ ಮೇಲೆ ನನ್ನ ಡಿಕ್ಷನರಿ! ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಯಾರೂ ಮುಟ್ಟುವ ಹಾಗಿಲ್ಲ, ಮನೆಯಲ್ಲಿ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಅದು ನಮ್ಮಲ್ಲಿ ಕಟ್ಟುನಿಟ್ಟು.

ನೀಲಮ್ಮ ಕಾಫಿ ತಂದುಕೊಟ್ಟಳು. ಮುಖದಲ್ಲಿ ಎಂದೂ ಇಲ್ಲದ ಕಳೆ.

"ಈ ಸಲ ಶೀಲ್ಡ್ ನಮ್ದೇ ಕಣ್ರೀ! ಸಿದ್ದಲಿಂಗಮ್ಮನವ್ರು ಜಡ್ಜ್ ಅಂತೆ, ಆ ರಿಟೈರ್ಡ್ ಹೆಡ್‌ಮಿಸ್ಟ್ರೆಸ್ಸು. ಗೊಂಬೆಗೆ ಎಪ್ಪತ್ತೈದು ಮಾರ್ಕ್ಸು, ನೋಟ್‌ಬುಕ್ಕಿಗೇ ಇಪ್ಪತ್ತೈದಂತೆ!"

"ನೋಟ್‌ಬುಕ್ಕಿಗೆ ಯಾಕೆ?"

"ಬಂದವ್ರು ಏನು ಬರ್ದಿದಾರೆ ಅಂತ ನೋಡ್ತಾರಂತೆ. ನೈಸ್ ಅಂದ್ರೆ ಒಂದು, ವೆರಿ ನೈಸ್ ಅಂದ್ರೆ ಎರಡು, ವೆರಿ ವೆರಿ ಅಂದ್ರೆ ಮೂರು. ಇಸ್ಕೂಲಲ್ಲಿ ಗುಡ್ಡು, ವೆರಿ ಗುಡ್ಡು ಹಾಕಿ ಹಾಕಿ ಅವ್ರಿಗೆ ಅದೇ ಅಭ್ಯಾಸ ನೋಡಿ. ನಿನ್ನೆ ಮಧ್ಯಾಹ್ನವೇ ಎಣಿಸಿದೀನಿ. ನಮ್ದ್ರಲ್ಲಿ ಎಪ್ಪತ್ಮೂರು ವೆರಿ! ವಸಂತಮ್ಮನ ಪುಸ್ತಕದಲ್ಲಿ ಅರವತ್ತು ದಾಟಿಲ್ಲ!"

ಕಾಫಿ ಮೂಗಿನಿಂದ ಈಚೆ ಬಂತು.

"ಏನಾಯ್ತ್ರೀ? ನಿಧಾನ, ನಿಧಾನ!" ಎಂದು ನೆತ್ತಿ ತಟ್ಟಿದಳು.

ಹೇಳಿಬಿಡೋಣ ಎಂದುಕೊಂಡೆ. ಆದರೆ ನಾಲ್ಕು ಡಬ್ಬಗಳ ಸೋಲು ಮರೆತು ನಗುತ್ತಿದ್ದ ಆ ಮುಖ ನೋಡಿ ನಾಲಿಗೆ ಏಳಲಿಲ್ಲ. ನಾಲಿಗೆಯ ಬದಲು ಕೈ ಉಪಯೋಗಿಸೋಣ ಎಂದು ತೀರ್ಮಾನಿಸಿದೆ. ಅಷ್ಟಮಿಯ ಬೆಳಿಗ್ಗೆ ನೀಲಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಸದ್ದಿಲ್ಲದೆ ಕೂತು ಪುಸ್ತಕದ ಗುಡ್ಡೆಯ ಕೆಳಗೆ ಎರಡು ಬೆರಳು ತೂರಿಸಿದೆ. ನೋಟ್‌ಬುಕ್ ಸಿಕ್ಕಿದ್ದರೆ ಅದರ ಜಾತಕ ಬೇರೆಯೇ ಬರೆಯುತ್ತಿದ್ದೆ.

"ಅಪ್ಪಾ! ಮುಟ್ಬೇಡಿ!" ಬಾಗಿಲಲ್ಲಿ ಲಾಸ್ಯ. "ಪೂಜೆಗಿಟ್ಟಿರೋ ಪುಸ್ತಕ ಕದಲಿಸಿದ್ರೆ ವಿದ್ಯೆ ಹೋಗ್ಬುಡತ್ತೆ! ನನಗೆ ಮಾರ್ಚಲ್ಲಿ ಪರೀಕ್ಷೆ ಇದೆ!"

"ಇರುವೆ ಹತ್ತಿದೆಯೇನೋ ಅಂತ ನೋಡ್ದೆ ಕಣಮ್ಮ."

"ಸರಸ್ವತಿಗೆ ಇರುವೆ ಹತ್ತಲ್ಲ!"

ಹಾಗಾದರೆ ಹೊಸ ವೆರಿಗಳನ್ನು ಸಂಪಾದಿಸೋಣ ಎಂದು ಅವತ್ತು ಸಂಜೆ ಆಫೀಸಿನಿಂದ ಹನ್ನೆರಡು ಜನರನ್ನು ಮನೆಗೆ ಕರೆತಂದೆ. ಎಲ್ಲರೂ ಸ್ಟೇಷನ್ ನೋಡಿ ಹೊಗಳಿದ್ದೇ ಹೊಗಳಿದ್ದು. ಒಂದು ಕಾಗದ ತಂದು "ಸ್ವಲ್ಪ ಬರ್ದು ಕೊಡಿ" ಎಂದೆ. ನೀಲಮ್ಮ ನಡುವೆ ಬಂದು ನಿಂತಳು. "ಇದೇನ್ರೀ, ಸರಸ್ವತಿ ಕೂತಿರೋವಾಗ ಬರೆಯೋದೇ? ಬಾಯಲ್ಲಿ ಹೇಳಿದ್ರಲ್ಲ, ಸಾಕು." ಹನ್ನೆರಡು ವೆರಿಗಳು ಗಾಳಿಗೆ ಹೋದವು, ಎರಡು ದಿನದ ಚರ್ಪು ಅವರ ಹೊಟ್ಟೆಗೆ ಹೋಯಿತು.

ಹೊರಡುವಾಗ ನಮ್ಮ ಆಫೀಸಿನ ಅಟೆಂಡರ್ ದೇವಯ್ಯ ತಲೆ ಕೆರೆದುಕೊಂಡ. "ಸಾರ್, ನಿಮ್ ಫೈಲ್ಗೋಳು ಮೂರು ದಿನ್ದಿಂದ ಸಾಹೇಬ್ರ ಟೇಬಲ್ಗೆ ಓಗಿಲ್ಲ."

"ಯಾಕಯ್ಯ? ಎಲ್ಲಾ ಅರ್ಜೆಂಟ್ ಫೈಲು!"

"ಅದೇ ಸಾರ್. ವೆರಿ ಅರ್ಜೆಂಟ್ ಅಂತ ಇದ್ರೆ ಮೇಲ್ಗಡೆ ಇಡ್ತೀನಿ. ಬರೀ ಅರ್ಜೆಂಟ್ ಅಂತ ಇದ್ರೆ ಅರ್ಜೆಂಟ್ ಇಲ್ಲ ಅಂತ ಅರ್ಥ ಅಲ್ವ್ರಾ? ನೀವೇ ಒಡ್ದಾಕಿ ಸೈನ್ ಮಾಡಿದೀರ. ಕೆಳಕ್ಕಾಕ್ಬುಟ್ಟೆ."

ಫೈಲಿನ ಗತಿಯೇ ಇದಾದರೆ ಗೊಂಬೆಯ ಗತಿ? ಬರೀ 'ನೈಸ್' ಎಂದರೆ ಚೆನ್ನಾಗಿಲ್ಲ ಎಂದೇ ಅರ್ಥ! ನೀಲಮ್ಮನ ನಾಲ್ಕು ತಿಂಗಳ ಕೆಲಸವನ್ನು ನಾನೇ ಕೆಳಕ್ಕೆ ಹಾಕಿಬುಟ್ಟಿದ್ದೆ.

ನವಮಿ, ಆಯುಧಪೂಜೆ. ನೀಲಮ್ಮ ಚಾಕು, ಈಳಿಗೆಮಣೆ, ನನ್ನ ಸ್ಕೂಟರು ಎಲ್ಲಕ್ಕೂ ಕುಂಕುಮ ಇಟ್ಟಳು. ಕೊನೆಗೆ ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡು, "ನಮ್ಮ ಯಜಮಾನ್ರ ಆಯುಧ ಇದೇ ಅಲ್ವಾ?" ಎಂದು ಅದರ ಕ್ಯಾಪಿಗೂ ಬೊಟ್ಟಿಟ್ಟು, ಹೂವೇರಿಸಿ ಕೈ ಮುಗಿದಳು. ಎಪ್ಪತ್ತೆರಡು ಕೊಲೆ ಮಾಡಿದ ಆಯುಧ! ನಾನು ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ವಿಜಯದಶಮಿ ಬಂತು. ಮಧ್ಯಾಹ್ನ ಎಲ್ಲರೂ ಜಂಬೂಸವಾರಿ ನೋಡಲು ಹೊರಡಬೇಕಾದ್ದರಿಂದ ಬೆಳಿಗ್ಗೆ ಒಂಬತ್ತಕ್ಕೇ, ಉಳಿದ ಮನೆಗಳನ್ನೆಲ್ಲ ನೋಡಿ ಮುಗಿಸಿ, ಜಡ್ಜ್ ಸಿದ್ದಲಿಂಗಮ್ಮನವರು ಬಂದರು. ಹತ್ತಿಯ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಮಾರ್ಕ್ಸ್ ಪಟ್ಟಿ. ಅವರ ಹಿಂದೆ, ಹೋದ ವರ್ಷ ಗೆದ್ದವರು ಜೊತೆಗೆ ಬರಬೇಕೆಂಬ ಮಂಡಳಿಯ ಪದ್ಧತಿಯ ಪ್ರಕಾರ, ವಸಂತಮ್ಮನವರು.

ಸಿದ್ದಲಿಂಗಮ್ಮನವರು ಸ್ಟೇಷನ್ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ಬೆರಳು ಮಡಚಿ ಏನೋ ಲೆಕ್ಕ ಹಾಕಿಕೊಂಡರು.

"ಮೇಡಂ, ಪುಸ್ತಕ ನಿಮ್ಮ ಕೈಯಿಂದಲೇ ಕದಲಿಸಿ," ಎಂದಳು ನೀಲಮ್ಮ. ಮಂಗಳಾರತಿಯಾಯಿತು. ಅವರು ಗುಡ್ಡೆಯ ಕೆಳಗಿಂದ ನೋಟ್‌ಬುಕ್ ಎಳೆದರು. ತೆರೆದರು. ಕನ್ನಡಕ ಸರಿಮಾಡಿಕೊಂಡರು. ಒಂದು ಪುಟ. ಎರಡು ಪುಟ. ಮೂರು ಪುಟ.

"ಇದೇನು ನೀಲಮ್ಮ, ಒಂದು ಶಬ್ದ ತೆಗೆಯಲಾಗಿದೆ, ಒಂದು ಶಬ್ದ ತೆಗೆಯಲಾಗಿದೆ... ಯಾರು ಈ ವಿ?"

ನೀಲಮ್ಮ ಇಣುಕಿ ನೋಡಿದಳು. ಆ ಬಾಲ ಅವಳಿಗೆ ಗೊತ್ತಿಲ್ಲದ್ದೇ? ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಪಟ್ಟದ ರಾಜನ ಕಡೆ ನೋಡಿದೆ. ಅವನೂ ಸಹಾಯಕ್ಕೆ ಬರಲಿಲ್ಲ.

ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಒದರಿದೆ. ಫ್ರೆಂಚ್ ಹೇಳಿದೆ, ಲ್ಯಾಟಿನ್ 'ವೇರುಸ್' ಹೇಳಿದೆ, ಎದುರು ಮನೆಯವರ ಉಸಲಿ ಹೇಳಿದೆ. ಸಿದ್ದಲಿಂಗಮ್ಮನವರು ಕೈಕಟ್ಟಿ ಪೂರ್ತಿ ಕೇಳಿದರು. ಆಮೇಲೆ ತಣ್ಣಗೆ ಹೇಳಿದರು:

"ನೀವು ಹೇಳಿದ ಮೂಲ ಸರಿಯಾಗೇ ಇದೆ. ಹಾಗಾದ್ರೆ ನಿಮ್ಮ ಹೆಂಡ್ತಿ ಗೊಂಬೆ ಚೆನ್ನಾಗಿದೆ ಅನ್ನೋದು ನಿಜವಲ್ಲ ಅಂತ ಎಪ್ಪತ್ತೆರಡು ಸಲ ಬರ್ದು ಸಹಿ ಹಾಕಿದೀರಿ. ಅಲ್ವೇ?"

ನನಗದು ಹೊಳೆದೇ ಇರಲಿಲ್ಲ! ನೀಲಮ್ಮನ ಕಣ್ಣು ತುಂಬಿತ್ತು.

"ನಾಲ್ಕು ತಿಂಗಳು ಕಣ್ರೀ," ಎಂದಳು ಸಣ್ಣ ದನಿಯಲ್ಲಿ. "ಬೇರೆಯವ್ರು ಸುಳ್ಳಿಗಾದ್ರೂ ಹೇಳಿದ್ರು. ನೀವು ಅದನ್ನೂ ಹೊಡ್ದಾಕ್ಬುಟ್ರಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನಾನು ಪರೀಕ್ಷಿಸಿದ್ದು ಬರೆದವರನ್ನು, ಗೊಂಬೆಯನ್ನಲ್ಲ. ಒಂದು ಸಲವಾದರೂ ಬಗ್ಗಿ ಆ ಸ್ಟೇಷನ್ನನ್ನು ನೋಡಿದ್ದೆನೇ? ಆಗ ನೋಡಿದೆ. ಟಿಕೆಟ್ ಕೌಂಟರಿನ ಒಳಗೆ ಕನ್ನಡಕದ ಒಂದು ಪುಟ್ಟ ಗೊಂಬೆ. ಅದರ ಕಿವಿಯ ಮೇಲೆ ಕಡ್ಡಿಯಷ್ಟು ದಪ್ಪದ ಒಂದು ಕೆಂಪು ಪೆನ್ನು. ಥೇಟ್ ನಾನೇ! ಹತ್ತು ದಿನದಿಂದ ನನ್ನ ಮನೆಯಲ್ಲಿ ನಾನೇ ಕೂತಿದ್ದೆ, ನಾನು ನೋಡಿರಲಿಲ್ಲ.

"ಇರಿ ಇರಿ," ಎಂದರು ಸಿದ್ದಲಿಂಗಮ್ಮನವರು, ಪುಟ ತಿರುವುತ್ತಾ. "ಇಲ್ಲೊಂದು ವೆರಿ ಉಳಿದಿದೆ. ಪರಿಶೀಲಿಸಿದೆ, ಸರಿಯಾಗಿದೆ. ಯಾರು ಬರೆದದ್ದು? ಓಹೋ! ವಸಂತಮ್ಮ!"

ವಸಂತಮ್ಮನವರು ಒಂದು ಹೆಜ್ಜೆ ಹಿಂದೆ ಸರಿದರು.

"ನೋಡಿ ವಸಂತಮ್ಮ, ಮೂವತ್ತೈದು ವರ್ಷ ನಾನೂ ಮಕ್ಕಳ ಕಾಪಿ ಪುಸ್ತಕದಲ್ಲಿ ನೋಡದೇ ವೆರಿ ಗುಡ್ ಹಾಕಿದೀನಿ. ಬೀದಿಯ ನೋಟ್‌ಬುಕ್ಕುಗಳಲ್ಲೆಲ್ಲ ರಾಶಿ ರಾಶಿ ವೆರಿ ಇವೆ, ಯಾವುದು ನಿಜ, ಯಾವುದು ಚರ್ಪಿಗೆ ಬರೆದದ್ದು ನನಗೆ ಗೊತ್ತಾಗಲ್ಲ. ಪರೀಕ್ಷೆಯಾಗಿ ಉಳಿದದ್ದು ಇದೊಂದೇ. ಗೊಂಬೆಯ ಮಾರ್ಕ್ಸು ನಿಮ್ಮಿಬ್ಬರದೂ ಸಮ ಬಂದಿದೆ. ನೋಟ್‌ಬುಕ್ಕಿನ ತೀರ್ಮಾನ ಈ ಒಂದು ವೆರಿ ಮೇಲೆ. ಈಗ ಸರಸ್ವತಿ ಮುಂದೆ ಹೇಳಿ. ಇದು ನಿಜವಾ?"

"ಅಯ್ಯಯ್ಯೋ, ಎಂಥ ಧರ್ಮಸಂಕಟಕ್ಕೆ ಸಿಕ್ಕಿಸಿದ್ರಿ ಮೇಡಂ!" ವಸಂತಮ್ಮನವರು ಸೆರಗು ಬೀಸಿಕೊಂಡರು. "ಸುಮ್ನೆ ಬರೆದೆ ಅಂದ್ರೆ ಹಬ್ಬದ ದಿನ ಸುಳ್ಳುಗಾತಿ ಆಗ್ತೀನಿ. ನಿಜ ಅಂದ್ರೆ ಶೀಲ್ಡ್ ಹೋಗುತ್ತೆ!"

ವಸಂತಮ್ಮನವರು ಸ್ಟೇಷನ್ ಕಡೆ ನೋಡಿದರು, ಸರಸ್ವತಿಯ ಕಡೆ ನೋಡಿದರು, ಕೊನೆಗೆ ನನ್ನ ಕಡೆ ಸುಟ್ಟುಬಿಡುವ ಹಾಗೆ ನೋಡಿದರು.

"ನಿಜ ಕಣ್ರೀ! ನಿಜ ನಿಜ ನಿಜ! ಆ ಸ್ಟೇಷನ್ ಮಾಸ್ಟರ್ ಕೈಲಿರೋ ಬಾವುಟ ನೋಡ್ಬುಟ್ಟು ಮನೆಗೆ ಹೋದವ್ಳು ಅವತ್ತು ಊಟಾನೇ ಮಾಡ್ಲಿಲ್ಲ. ಸಾಕಾ?"

ಹೀಗೆ ನೀಲಮ್ಮನಿಗೆ ಶೀಲ್ಡು ಬಂತು. ಅವಳು ವಸಂತಮ್ಮನವರನ್ನು ತಬ್ಬಿಕೊಂಡು ಅತ್ತಳು. ವಸಂತಮ್ಮನವರು ಸ್ಟೀಲ್ ಡಬ್ಬ ಹಿಡಿದು, "ಇದ್ರಲ್ಲಿ ಮೆಂತ್ಯ ಹಿಡಿಯುತ್ತಾ?" ಎಂದು ಕೇಳಿಕೊಂಡು ಹೋದರು.

ಜಂಬೂಸವಾರಿ ನೋಡಿಕೊಂಡು ಬಂದ ಮೇಲೆ ನನ್ನ ಗರ್ವ ಮತ್ತೆ ತಲೆ ಎತ್ತಿತು. ಟೀವಿಯ ಮೇಲಿನ ಶೀಲ್ಡನ್ನು ನೋಡುತ್ತಾ ಮೀಸೆ ತಿರುವಿದೆ. "ಒಟ್ನಲ್ಲಿ ನೀಲಾ, ನನ್ನ ಕೆಂಪು ಪೆನ್ನು ಇಲ್ದಿದ್ರೆ..."

ಅವಳು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. "ಊರೆಲ್ಲಾ ಬರ್ದಿದೆ. ನೀವೊಬ್ರು ಬರ್ದಿಲ್ಲ."

ಹೌದಲ್ಲ! ಎಷ್ಟು ದೊಡ್ಡ ತಪ್ಪು! ಟಿಕೆಟ್ ಕೌಂಟರಿನ ಆ ಗೊಂಬೆಯನ್ನು ಇನ್ನೊಮ್ಮೆ ನೋಡಿದೆ. ಮನಸ್ಸು ತುಂಬಿ ಬಂತು. ಇಪ್ಪತ್ತೆರಡು ವರ್ಷದ 'ಪರವಾಗಿಲ್ಲ'ಗಳನ್ನೆಲ್ಲ ಒಂದೇ ಏಟಿಗೆ ತೀರಿಸುವವನಂತೆ, ದಪ್ಪ ಅಕ್ಷರದಲ್ಲಿ 'ವೆರಿ ವೆರಿ ನೈಸ್' ಎಂದು ಬರೆದು, ಪೂರ್ತಿ ಸಹಿ ಮಾಡಿ, ತಾರೀಖು ಹಾಕಿ ಕೊಟ್ಟೆ.

ನೀಲಮ್ಮ ಎರಡು ಸಲ ಓದಿದಳು. ಮುಖ ಅರಳಿತು. ಆಮೇಲೆ ನನ್ನ ಜೇಬಿನಿಂದ, ಕ್ಯಾಪಿನ ಮೇಲೆ ಇನ್ನೂ ಕುಂಕುಮವಿದ್ದ ಕೆಂಪು ಪೆನ್ನನ್ನು ಎಳೆದುಕೊಂಡಳು. ಎರಡು ವೆರಿಗಳ ಮೇಲೂ ನೇರವಾಗಿ ಗೆರೆ ಎಳೆದಳು. ಮಾರ್ಜಿನ್ನಿನಲ್ಲಿ ಬರೆದಳು: 'ಎರಡು ಶಬ್ದ ತೆಗೆಯಲಾಗಿದೆ'. ಕೆಳಗೆ, ನನ್ನದಕ್ಕಿಂತ ಉದ್ದ ಬಾಲದ ಒಂದು 'ನೀ'.

"ಯಾಕೆ ನೀಲಾ? ಇದು ನಿಜ ಕಣೇ! ಸರಸ್ವತಿ ಆಣೆ!"

"ಇರಬಹುದು ಕಣ್ರೀ," ಎಂದಳು ಪೆನ್ನಿನ ಕ್ಯಾಪ್ ಹಾಕುತ್ತಾ. "ಆದ್ರೆ ಶೀಲ್ಡ್ ಬಂದ್ಮೇಲೆ ಬರ್ದಿದೀರಲ್ಲ. ಮುಂದಿನ ವರ್ಷ ಪಾಡ್ಯದ ದಿನ, ಯಾರೂ ಬರೋಕೆ ಮುಂಚೆ ಬರೀರಿ. ಆಗ ಪರಿಶೀಲಿಸೋಣ."